ಸ್ಟೇ ಇಲ್ಲ ಅಂದರೆ ದಾವೆ ಇಲ್ಲ ಅಂತಲ್ಲ

ಗದಗಿನಲ್ಲಿ ಸಂಚಕಾರ ಪತ್ರ (ಮುಂಗಡದ ಕರಾರು), ಖರೀದಿ ಪತ್ರ ಬರೆದುಕೊಡುವುದು ನನ್ನ ಕೆಲಸ. ಬಹಳ ವರ್ಷಗಳ ಹಿಂದೆ ಎರಡು ಎಕರೆ ಹೊಲದ ಖರೀದಿ ಪತ್ರ ಬರೆದೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮಾರುವವರ ಹೆಸರೇ ಇತ್ತು. ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಏನೂ ಇರಲಿಲ್ಲ. ಕೊಳ್ಳುವವರು ಝೆರಾಕ್ಸ್ ಮಾಡಿಸಲು ಹೊರಗೆ ಹೋದಾಗ ಮಾರುವವರು ಮೆಲ್ಲಗೆ ಅಂದರು, "ತಂಗಿ ಪಾಲು ಕೇಳಿ ಕೋರ್ಟಿಗೆ ಹೋಗ್ಯಾಳ್ರಿ. ಆದ್ರ ಸ್ಟೇ ಸಿಕ್ಕಿಲ್ಲ." ಸ್ಟೇ ಇಲ್ಲವಲ್ಲ ಅಂತ ನಾನು ಸುಮ್ಮನಾದೆ. ಅದೇ ನನ್ನ ತಪ್ಪು.

ಎಂಟು ತಿಂಗಳಾದ ಮೇಲೆ ದಾವೆಯ ವಿಷಯ ಗೊತ್ತಾಗಿ ಕೊಂಡವರು ಬಂದರು. ಪ್ಲಾಸ್ಟಿಕ್ ಚೀಲದಿಂದ ಖರೀದಿ ಪತ್ರ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಾ ಸರಿ ಐತಿ ಅಂದಿದ್ರಿ, ಅಣ್ಣಾರ. ಬೋರ್ ಸೈತ ಹೊಡಿಸೇನಿ." ನನಗೆ ಮಾತೇ ಹೊರಡಲಿಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಇರುವುದೇ ಇದಕ್ಕೆ. ದಾವೆ ನಡೆಯುವಾಗ ಮಾರಿದರೆ ಖರೀದಿ ಪತ್ರ ರದ್ದಾಗುವುದಿಲ್ಲ. ಆದರೆ ಕೋರ್ಟು ಕೊನೆಗೆ ಏನು ಹೇಳುತ್ತದೋ ಅದಕ್ಕೆ ಕೊಂಡವರೂ ತಲೆಬಾಗಬೇಕು. ಸ್ಟೇ ಇರಲೇಬೇಕು ಅಂತಿಲ್ಲ. "ನನಗೆ ಗೊತ್ತೇ ಇರಲಿಲ್ಲ" ಅಂದರೂ ನಡೆಯುವುದಿಲ್ಲ. ದಾವೆ ಹಾಕಿದ ದಿನದಿಂದಲೇ ಇದು ಲಾಗು, ಅಪೀಲಿನಲ್ಲೂ ಮುಂದುವರಿಯುತ್ತದೆ. ಇಸಿಯಲ್ಲಿ ಬರುವುದು ನೋಂದಣಿಯಾದ ಕಾಗದ ಮಾತ್ರ. ದಾವೆ ಅದರಲ್ಲಿ ಹೇಗೆ ಕಾಣಬೇಕು?

ವಕೀಲರ ಮಾತು ಕೇಳಿ ನಮ್ಮ ಕೊಂಡವರು ತಂಗಿಯ ದಾವೆಯಲ್ಲಿ ಪಾರ್ಟಿ ಆದರು. ತಾವು ಕೊಂಡ ಹೊಲವನ್ನೇ ಮಾರಿದವರ ಪಾಲಿಗೆ ಹಾಕಿ ಅಂತ ಕೇಳಿಕೊಂಡರು. ಮನೆತನದ ಹೊಲ ಇದ್ದದ್ದೇ ಒಟ್ಟು ಮೂರು ಎಕರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಮಗಳಿಗೂ ಸಮಪಾಲು ಅಲ್ವಾ? ಮಾರಿದ ಅಣ್ಣನಿಗೆ ಒಂದೂವರೆ ಎಕರೆ ಬಂತು, ಕೊಂಡವರಿಗೆ ಉಳಿದದ್ದೂ ಅಷ್ಟೇ. ಬೋರ್‌ವೆಲ್ ಇದ್ದ ಅರ್ಧ ಎಕರೆ ತಂಗಿಯ ಪಾಲಿಗೆ ಹೋಯಿತು. ಆಕೆಯದು ಏನೂ ತಪ್ಪಿಲ್ಲ, ತನ್ನ ಹಕ್ಕು ಕೇಳಿದ್ದಳು.

ಈಗ ಮೊದಲು ವಂಶಾವಳಿ ಕೇಳುತ್ತೇನೆ, ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರಾ ಅಂತ ನೋಡುತ್ತೇನೆ. ಕೋರ್ಟ್ ಕೇಸುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ಹುಡುಕುತ್ತೇನೆ. ಒಂದೇ ಸ್ಪೆಲ್ಲಿಂಗ್ ಸಾಲದು. ಫಕ್ಕೀರಪ್ಪ ಅನ್ನುವುದನ್ನು ಎಫ್ ಹಾಕಿ, ಪಿಎಚ್ ಹಾಕಿ, ಒಂದು ಕೆ, ಎರಡು ಕೆ ಹಾಕಿ ನೋಡಬೇಕು. ಆಮೇಲೆ ಕೊಳ್ಳುವವರ ಎದುರಿಗೇ ಮಾರುವವರನ್ನು ಕೇಳುತ್ತೇನೆ: ಈ ಹೊಲದ ಮೇಲೆ ಯಾವುದಾದರೂ ದಾವೆ, ಅಪೀಲು ಇದೆಯೇ? ಕಳೆದ ತಿಂಗಳು ಒಬ್ಬರು ಉತ್ತರ ಕೊಡದೆ ಉತಾರ ಮಡಚಿ ಜೇಬಿಗಿಟ್ಟುಕೊಂಡರು. ಅವತ್ತು ಖರೀದಿ ಆಗಲಿಲ್ಲ.