ರಿಚ್ಮಂಡ್‌ನ ಯುದ್ಧಕಾಲದ ಹಡಗುಕಟ್ಟೆ: ಹೋಗುವ ಮುನ್ನ ಇಷ್ಟು ತಿಳಿದಿರಲಿ

ಊರಿಂದ ಬಂದ ಅಪ್ಪ-ಅಮ್ಮನಿಗೆ ಗೋಲ್ಡನ್ ಗೇಟ್, ಲಿವರ್‌ಮೋರ್ ದೇವಸ್ಥಾನ ಎಲ್ಲ ತೋರಿಸಿಯಾಯಿತು, ಇನ್ನೆಲ್ಲಿಗೆ ಕರೆದೊಯ್ಯುವುದು ಎಂದು ಬೇ ಏರಿಯಾದ ನಮ್ಮವರು ಕೇಳುತ್ತಲೇ ಇರುತ್ತಾರೆ. ರಿಚ್ಮಂಡ್‌ಗೆ ಹೋಗಿ. ಹೆಸರು ಕೇಳಿದರೆ ಹಲವರು ಮೂಗು ಮುರಿಯುತ್ತಾರೆ, ಅಲ್ಲೇನಿದೆ ಅನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ 747 ಹಡಗುಗಳು ಹುಟ್ಟಿದ ಊರು ಅದು. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ನನಗೆ ಯಾರೂ ಹೇಳಿರಲಿಲ್ಲ.

ಮಿಲ್ಪಿಟಸ್, ಫ್ರೀಮಾಂಟ್ ಕಡೆಯವರಿಗೆ ಬಾರ್ಟ್ ರೈಲಿನ ಆರೆಂಜ್ ಲೈನ್ ನೇರ ರಿಚ್ಮಂಡ್‌ಗೇ ಹೋಗುತ್ತದೆ. ತೊಂದರೆ ಶುರುವಾಗುವುದು ನಿಲ್ದಾಣದಿಂದಾಚೆ. ಭಾನುವಾರ ಬಸ್ಸಿಗೆ ಕಾದು ಕಾದು ಅಮ್ಮನ ಕಾಲು ಸೋತವು. ಬಂದ ಬಸ್ಸೂ ನಮ್ಮನ್ನು ಬೇರೆಲ್ಲೋ ಇಳಿಸಿತು. ಹಿರಿಯರಿದ್ದರೆ ಬಸ್ಸಿನ ಆಸೆ ಬಿಟ್ಟು ಕಾರಿನಲ್ಲೇ ಹೋಗಿ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಬರುವವರಿಗೆ ಫೆರ್ರಿ ಇದೆ, ಅದು ವಿಸಿಟರ್ ಸೆಂಟರ್ ಹತ್ತಿರವೇ ಬಂದು ನಿಲ್ಲುತ್ತದೆ.

ರೋಸಿ ದಿ ರಿವೆಟರ್ ರಾಷ್ಟ್ರೀಯ ಉದ್ಯಾನದ ಈ ವಿಸಿಟರ್ ಸೆಂಟರ್‌ಗೆ ಪ್ರವೇಶ ಉಚಿತ (ಯುದ್ಧಕಾಲದ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಸಂಕೇತ ಈ ರೋಸಿ). ಒಳಗೆ ಏನೇನಿದೆ ಎಂಬುದನ್ನು ಅವರ ಜಾಲತಾಣವೇ ಹೇಳುತ್ತದೆ. ನನ್ನ ಸಲಹೆ ಇಷ್ಟೇ: ಮೊದಲು ಇಲ್ಲಿಗೆ ಬನ್ನಿ, ಮುಂದೆ ಹೇಳುವ ರೆಡ್ ಓಕ್ ಹಡಗು ಆಮೇಲೆ. ರಿಚ್ಮಂಡ್‌ನ ಹಡಗುಕಟ್ಟೆಗಳನ್ನು ಕಟ್ಟಿಸಿದ ಹೆನ್ರಿ ಕೈಸರ್ ಅಣೆಕಟ್ಟು, ರಸ್ತೆ ಕಟ್ಟಿಸುತ್ತಿದ್ದ ಗುತ್ತಿಗೆದಾರ, ಹಡಗಿನ ಅನುಭವ ಇರಲಿಲ್ಲ. ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್‌ನ ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದಾಗ, ಮುಳುಗುವುದಕ್ಕಿಂತ ವೇಗವಾಗಿ ಕಟ್ಟಬೇಕೆಂಬ ಕೆಲಸಕ್ಕೆ ಕೈಹಾಕಿದ. ರಿವೆಟ್ ಹೊಡೆಯುವ ಬದಲು ವೆಲ್ಡಿಂಗ್, ದೊಡ್ಡ ದೊಡ್ಡ ಭಾಗಗಳನ್ನು ಬೇರೆಡೆ ತಯಾರಿಸಿ ಕ್ರೇನಿನಿಂದ ಎತ್ತಿ ಕೂರಿಸುವುದು. ಹಿಂದೆಂದೂ ವೆಲ್ಡಿಂಗ್ ಟಾರ್ಚ್ ಹಿಡಿಯದ ಹೆಂಗಸರು, ದಕ್ಷಿಣದ ರಾಜ್ಯಗಳಿಂದ ಬಂದ ಕರಿಯ ಕುಟುಂಬಗಳು ಈ ಕೆಲಸ ಕಲಿತರು. 1942ರ ನವೆಂಬರಿನಲ್ಲಿ ರಾಬರ್ಟ್ ಇ. ಪಿಯರಿ ಎಂಬ ಲಿಬರ್ಟಿ ಹಡಗನ್ನು (ಯುದ್ಧಕ್ಕೆಂದು ಒಂದೇ ನಮೂನೆಯಲ್ಲಿ ಕಟ್ಟುತ್ತಿದ್ದ ಸರಕು ಹಡಗು) 4 ದಿನ 15 ಗಂಟೆ ಚಿಲ್ಲರೆಯಲ್ಲಿ ಕಟ್ಟಿ ನೀರಿಗಿಳಿಸಿದರು. 441 ಅಡಿ ಉದ್ದದ ಹಡಗು! ಅದರ ಉದ್ದ ಎಷ್ಟೆಂದು ಕಾಲಿಗೇ ಗೊತ್ತಾಗಬೇಕಿದ್ದರೆ ಮರೀನಾ ಬೇ ಪಾರ್ಕ್‌ನ ರೋಸಿ ಸ್ಮಾರಕದಲ್ಲಿ ನಡೆಯಿರಿ. ಕೈಸರ್‌ನ ಎರಡನೇ ಹಡಗುಕಟ್ಟೆ ಇದ್ದ ಜಾಗದಲ್ಲೇ, ಹಡಗಿನ ಅಡಿಗಟ್ಟಿನಷ್ಟೇ ಉದ್ದದ ಕಾಲುದಾರಿ ಮಾಡಿದ್ದಾರೆ.

ರೆಡ್ ಓಕ್ ವಿಕ್ಟರಿ ಹಡಗು ನಕಾಶೆಯಲ್ಲಿ ಕೂಗಳತೆಯಲ್ಲಿದ್ದ ಹಾಗೆ ಕಾಣುತ್ತದೆ. ಅದು ಕಾಲುವೆಯ ಎದುರು ದಂಡೆ, ರಸ್ತೆಯಲ್ಲಿ ಬಂದರು ಸುತ್ತಿಕೊಂಡೇ ಹೋಗಬೇಕು. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ದಿನ ನೋಡಿಕೊಂಡೇ ಹೊರಡಿ. 1944ರ ನವೆಂಬರ್ 9ರಂದು ಇಲ್ಲಿಯೇ ನೀರಿಗಿಳಿದ ಹಡಗು, ಯುದ್ಧದಲ್ಲಿ ಮದ್ದುಗುಂಡು ಸಾಗಿಸಿತ್ತು. ತನ್ನ ಮಕ್ಕಳನ್ನು ಲೆಕ್ಕಕ್ಕೆ ಮೀರಿ ಕಳೆದುಕೊಂಡ ಅಯೋವಾದ ಪುಟ್ಟ ಊರು ರೆಡ್ ಓಕ್‌ನ ಹೆಸರು ಇದಕ್ಕಿಟ್ಟರು. ಎಂಜಿನ್ ಕೋಣೆಗೆ ಇಳಿಯುವ ಏಣಿ ಕಡಿದು. ಮಂಡಿನೋವಿನವರು ಮೇಲೇ ಇರಲಿ. ಹಿಡಿತವಿರುವ ಶೂ ಬೇಕು, ಸೀರೆ ಬೇಡ, ಗಾಳಿಗೆ ಸ್ವೆಟರ್ ಇರಲಿ.

ಹಸಿವಾದಾಗ 23ನೇ ಬೀದಿಗೆ ಹೋಗಿ. ಅಲ್ಲಿ ಸಾಲಾಗಿ ಮೆಕ್ಸಿಕನ್ ಅಂಗಡಿಗಳಿವೆ. ನಾವು ಹೊಕ್ಕಿದ್ದು ತೀರಾ ಚಿಕ್ಕದು. ಒಬ್ಬ ಅಜ್ಜಿ ಜೋಳದ ಹಿಟ್ಟನ್ನು ಕೈಯಲ್ಲೇ ತಟ್ಟಿ ಕಾವಲಿಗೆ ಹಾಕುತ್ತಿದ್ದರು, ನಮ್ಮ ಅಕ್ಕಿರೊಟ್ಟಿ ತಟ್ಟಿದ ಹಾಗೇ. ಅಮ್ಮ ಊಟ ಬಿಟ್ಟು ಅವರ ಕೈಯನ್ನೇ ನೋಡುತ್ತ ನಿಂತರು. ಸಸ್ಯಾಹಾರಿಗಳು ಬೀನ್ಸ್‌ಗೆ ಹಂದಿಕೊಬ್ಬು ಹಾಕಿದ್ದೀರಾ ಎಂದು ಕೇಳಲೇಬೇಕು, ಅನ್ನವನ್ನು ಕೋಳಿಸಾರಿನಲ್ಲಿ ಬೇಯಿಸಿದ್ದೀರಾ ಎಂದೂ ಕೇಳಿ. ಅವರು ಬೇಸರಿಸದೆ ಬೇರೆ ಪಾತ್ರೆಯ ಇಡೀ ಕಾಳು ಬಡಿಸಿದರು. ಜೊತೆಗೆ ಪಾಪಾಸುಕಳ್ಳಿಯ ಪಲ್ಯ! ಮುಳ್ಳು ತೆಗೆದು ಹೆಚ್ಚಿ, ಈರುಳ್ಳಿ ಟೊಮೆಟೊ ಹಾಕಿ ಬಾಡಿಸಿದ್ದು. ಸ್ವಲ್ಪ ಲೋಳೆ, ಸ್ವಲ್ಪ ಹುಳಿ, ಬೆಂಡೆಕಾಯಿ ಇಷ್ಟಪಡುವವರಿಗೆ ಹಿಡಿಸುತ್ತದೆ. ಹಸಿರು ಸಾಲ್ಸಾ ನಿಜಕ್ಕೂ ಖಾರ. ಕೊನೆಗೆ ಅಕ್ಕಿ, ದಾಲ್ಚಿನ್ನಿಯ ತಣ್ಣನೆಯ ಓರ್ಚಾಟಾ. ಅಪ್ಪ ಎರಡು ಲೋಟ ಕುಡಿದರು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಪ್ರೀತಿಯ ಊಟ ಈ ಕಡೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜೆರೆಮಯಾ ಒಬ್ರಿಯನ್ ಎಂಬ ಲಿಬರ್ಟಿ ಹಡಗು ನೋಡಲು ಅಲ್ಲೇ ರಾತ್ರಿ ಉಳಿಯಬೇಡಿ. ಬಂದರಿನ ಬಳಿಯ ಒಂದು ಹೋಟೆಲಿನಲ್ಲಿ ಉಳಿದೆವು. ಹಡಗಿಗೆ ನಡೆದೇ ಹೋಗಬಹುದೆಂಬುದು ನಿಜವಾಗಿತ್ತು, ಉಳಿದದ್ದೆಲ್ಲ ಸುಳ್ಳು. ಕಿಟಕಿ ತೆರೆದರೆ ಗೋಡೆ. ಬುಕ್ ಮಾಡುವಾಗ ಕಾಣದ ಸೌಲಭ್ಯ ಶುಲ್ಕ, ಕಾರು ನಿಲ್ಲಿಸಲು ಬೇರೆ ದುಡ್ಡು. ಹೊರಗೆ ಕಾಲಿಡಲಾಗದಷ್ಟು ಜನ. ನನಗೆ ಜನಜಂಗುಳಿ ಆಗುವುದಿಲ್ಲ, ಹಾಗಾಗಿ ಬೆಳಿಗ್ಗೆ ಹಡಗು ತೆರೆದ ತಕ್ಷಣ ಹೋಗಿ ಮಧ್ಯಾಹ್ನದೊಳಗೆ ಹೊರಡಿ ಎನ್ನುತ್ತೇನೆ. ಆದರೆ ಹಡಗನ್ನು ಬಿಡಬೇಡಿ. 2,710 ಲಿಬರ್ಟಿ ಹಡಗುಗಳಲ್ಲಿ ಇಂದಿಗೂ ತಾನೇ ಚಲಿಸಬಲ್ಲವು ತೀರಾ ಕಡಿಮೆ, ಇದು ಅವುಗಳಲ್ಲೊಂದು. ನಾರ್ಮಂಡಿ ದಾಳಿಗೆ ಸರಕು ಹೊತ್ತ ಈ ಹಡಗನ್ನು, 1994ರಲ್ಲಿ ಆ ದಾಳಿಯ 50ನೇ ವರ್ಷಕ್ಕೆ ವಯಸ್ಸಾದ ನಾವಿಕರೇ ಮತ್ತೆ ಫ್ರಾನ್ಸ್‌ಗೆ ನಡೆಸಿಕೊಂಡು ಹೋಗಿದ್ದರು. ಎಂಜಿನ್‌ಗೆ ಉಗಿ ಹಾಕುವ ವಾರಾಂತ್ಯ ಸಿಕ್ಕರೆ ಅದೇ ದಿನ ಹೋಗಿ.

ನನಗೆ ಕಾಡಿದ್ದು ಇನ್ನೊಂದು ವಿಷಯ. ಹಡಗು ಕಟ್ಟಿದವರ ಕಥೆ ಎಲ್ಲೆಡೆ ಸಿಗುತ್ತದೆ, ಅದನ್ನು ನಡೆಸಿದ ಹುಡುಗರದ್ದು ಹುಡುಕಬೇಕು. ಹಡಗು ದಿನಕ್ಕೊಂದರಂತೆ ಬಂದರೆ ನಾವಿಕರು ಎಲ್ಲಿಂದ ಬರಬೇಕು? ಬ್ರೂಕ್ಲಿನ್‌ನ ಶೀಪ್ಸ್‌ಹೆಡ್ ಬೇಯಂಥ ತರಬೇತಿ ಕೇಂದ್ರಗಳಲ್ಲಿ 16 ವರ್ಷದವರನ್ನೂ ಸೇರಿಸಿಕೊಂಡರು. ಜೀವರಕ್ಷಕ ದೋಣಿ ಇಳಿಸುವುದು, ಹುಟ್ಟು ಹಾಕುವುದು, ನೀರಿನ ಮೇಲೆ ಎಣ್ಣೆ ಉರಿಯುವಾಗ ಅದರಡಿ ಈಜುವುದು, ಇಷ್ಟು ಕಲಿಸಿ ಕೆಲವೇ ವಾರಗಳಲ್ಲಿ ಸಮುದ್ರಕ್ಕೆ ಕಳಿಸಿದರು. ಅಧಿಕಾರಿಗಳಾಗಬೇಕಿದ್ದ ಕೆಡೆಟ್‌ಗಳೂ ಓದಿನ ಮಧ್ಯೆಯೇ ಯುದ್ಧದ ಹಡಗುದಾರಿಗೆ ಹೋದರು. ಅವರಲ್ಲಿ 142 ಮಂದಿ ತಿರುಗಿ ಬರಲಿಲ್ಲ. ರಿಚ್ಮಂಡ್‌ನಲ್ಲೇ ಕಟ್ಟಿದ ಸ್ಟೀಫನ್ ಹಾಪ್ಕಿನ್ಸ್‌ನಲ್ಲಿ, 1942ರ ಸೆಪ್ಟೆಂಬರಿನಲ್ಲಿ, ಜರ್ಮನ್ ದಾಳಿನೌಕೆ ಸ್ಟಿಯರ್ ಎದುರಾದಾಗ ಫಿರಂಗಿಯವರೆಲ್ಲ ಬಿದ್ದ ಮೇಲೆ ಉಳಿದಿದ್ದ ಐದು ಗುಂಡುಗಳನ್ನು ಹಾರಿಸಿದವನು ಎಡ್ವಿನ್ ಒಹಾರಾ ಎಂಬ 18ರ ಕೆಡೆಟ್. ಎರಡೂ ಹಡಗು ಮುಳುಗಿದವು, ಹುಡುಗ ಉಳಿಯಲಿಲ್ಲ. ಇಂಥ ಸೇವೆ ಮಾಡಿದ, ಸೈನ್ಯಕ್ಕೆ ಸೇರದ ಈ ಸರಕು ಹಡಗಿನ ನಾವಿಕರನ್ನು ಮಾಜಿ ಯೋಧರೆಂದು ಸರ್ಕಾರ ಒಪ್ಪಿದ್ದು 1988ರಲ್ಲಿ. ಅಷ್ಟರಲ್ಲಿ ಎಷ್ಟು ಜನ ತೀರಿಕೊಂಡಿದ್ದರೋ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆ ಕೆಡೆಟ್‌ಗಳ ಒಂದು ಶಾಲೆ 1942ರಿಂದ ಸ್ಯಾನ್ ಮಟೇಯೊದ ಕಾಯೋಟಿ ಪಾಯಿಂಟ್‌ನಲ್ಲಿತ್ತು. ಈಗ ಅದು ಕೌಂಟಿ ಪಾರ್ಕ್, ನೀಲಗಿರಿ ಮರಗಳಡಿ ಜನ ಪಿಕ್ನಿಕ್ ಮಾಡುತ್ತಾರೆ. ಮನೆಗೆ ಮರಳುವ ದಾರಿಯಲ್ಲಿ ಅಲ್ಲಿ ಒಂದು ಗಂಟೆ ಕಳೆಯಿರಿ. ಕಾರಿಗೆ ಪ್ರವೇಶ ಶುಲ್ಕವಿದೆ. ಮಧ್ಯಾಹ್ನದ ನಂತರ ಗಾಳಿ ಜೋರು, ಚಿತ್ರಾನ್ನ ಕಟ್ಟಿಕೊಂಡು ಹೋದರೆ ಮರದ ಮರೆಯ ಮೇಜನ್ನೇ ಹಿಡಿಯಿರಿ.