ಶೂ ಡಬ್ಬಿಯೊಳಗಿನ ಗ್ರೀಕರು: ಮೂರನೇ ತಿಂಗಳು

ಚೀಟಿ 41ಕ್ಕೆ ಬಂದು ನಿಂತಿದೆ. ಗ್ರೀಕ್ ಪುರಾಣದ ಯಾವ ಹೆಸರು ಇಂಗ್ಲಿಷಿನ ಆಡುಮಾತಿಗೆ ಇಳಿಯಿತು ಎಂದು ಚೀಟಿಗೊಂದರಂತೆ ಬರೆದು ಶೂ ಡಬ್ಬಿಗೆ ಹಾಕುವ ಕೆಲಸವಿದು. ಪ್ಯಾನಿಕ್, ಎಕೋ, ನಾರ್ಸಿಸಿಸ್ಟ್ ಮೊದಲ ವಾರವೇ ಮುಗಿದವು. ಎಲ್ಲರಿಗೂ ಗೊತ್ತಿದ್ದದ್ದೇ, ಬರೆಯುವಾಗ ನನಗೇ ಆಕಳಿಕೆ.

ಈ ತಿಂಗಳು ಅಟ್ಲಾಸ್ ಚೀಟಿ ಹರಿದು ಹಾಕಿದೆ. ಭೂಮಿ ಹೊತ್ತವನು ಅಂತ ಬರೆದಿಟ್ಟಿದ್ದೆ. ಅವನು ಹೊತ್ತದ್ದು ಆಕಾಶ. ಸಾಲದ್ದಕ್ಕೆ, 1595ರಲ್ಲಿ ಬಂದ ಮರ್ಕೇಟರನ ನಕ್ಷೆ ಪುಸ್ತಕಕ್ಕೆ ಹೆಸರು ಕೊಟ್ಟವನು ಹಳೆಯ ದೇವಕುಲದ ಈ ಟೈಟನ್ ಅಲ್ಲ, ಉತ್ತರ ಆಫ್ರಿಕಾದ ಮಾರಿಟೇನಿಯಾವನ್ನು ಆಳಿದ, ಅದೇ ಹೆಸರಿನ ದೊರೆ, ಖಗೋಳ ಬಲ್ಲವನೆಂದು ಕತೆಗಳು ಹೇಳುವವನು.

ಆದರೆ ಮೂರು ದಿನ ಹಿಡಿದು ಕೂರಿಸಿದ್ದು ಹೆಕ್ಟರ್, ಗ್ರೀಕರೆದುರು ಸೋತ ಟ್ರಾಯ್ ನಗರದ ರಾಜಕುಮಾರ. ಇಂಗ್ಲಿಷಿನಲ್ಲಿ 'ಹೆಕ್ಟರ್ ಮಾಡು' ಅಂದರೆ ದಬಾಯಿಸು, ಗದರಿಸಿ ಹೆದರಿಸು. ಗ್ರೀಕ್ ಕವಿ ಹೋಮರನ ಹೆಕ್ಟರ್ ಹಾಗಿಲ್ಲವಲ್ಲ! ಯುದ್ಧದ ನಡುವೆ ಹೆಂಡತಿಯನ್ನು ನೋಡಲು ಬರುತ್ತಾನೆ. ಶಿರಸ್ತ್ರಾಣದ ಮೇಲೆ ಅಲ್ಲಾಡುವ ಕುದುರೆಗೂದಲಿನ ತುರಾಯಿ ಕಂಡು ಕೂಸು ಚೀರುತ್ತದೆ. ಅಪ್ಪ ನಕ್ಕು, ಅದನ್ನು ಕಳಚಿ ನೆಲಕ್ಕಿಟ್ಟು, ಮಗುವನ್ನೆತ್ತಿ ಮುದ್ದಿಸುತ್ತಾನೆ. ಇಂಥವನ ಹೆಸರು 17ನೇ ಶತಮಾನದ ಲಂಡನ್ನಿನಲ್ಲಿ ಬೀದಿ ಪುಂಡರ ಪಾಲಾಯಿತು. ಎದೆಯುಬ್ಬಿಸಿ ಮೆರೆಯುತ್ತಿದ್ದ ಆ ಪಡ್ಡೆಗಳನ್ನು 'ಹೆಕ್ಟರ್'ಗಳೆಂದೇ ಕರೆದರು.

ಆಗ ಡಬ್ಬಿ ಬುಡಮೇಲು ಮಾಡಿ ಟ್ರಾಯ್ ಕಡೆಯವರನ್ನೆಲ್ಲ ಬೇರೆ ಇಟ್ಟೆ. ಪಾಂಡರಸ್ ಬಿಲ್ಲುಗಾರ, ಕದನವಿರಾಮ ಮುರಿದು ಬಾಣ ಬಿಟ್ಟವನು. ಇಂಗ್ಲಿಷ್ ಕವಿ ಚಾಸರನ ಕಾವ್ಯದಲ್ಲಿ ಅವನು ಪ್ರೇಮಿಗಳ ನಡುವಿನ ದಲ್ಲಾಳಿ, ಕೊನೆಗೆ 'ಪ್ಯಾಂಡರ್' ಅಂದರೆ ತಲೆಹಿಡುಕ. ಒಳಗೆ ಸೈನಿಕರನ್ನು ಅಡಗಿಸಿ ಮರದ ಕುದುರೆ ಕಟ್ಟಿದ್ದು ಗ್ರೀಕರು, ಅದನ್ನು ಊರೊಳಗೆ ಎಳೆದುಕೊಂಡು ಮೋಸ ಹೋದದ್ದು ಟ್ರೋಜನ್ನರು, ಅಂದರೆ ಟ್ರಾಯ್‌ನವರು. ಕಂಪ್ಯೂಟರಿಗೆ ಕದ್ದು ನುಗ್ಗುವ ಪ್ರೋಗ್ರಾಮಿಗೆ ಮಾತ್ರ 'ಟ್ರೋಜನ್' ಎಂಬ ಹೆಸರು. ಸೋತವರ ಹೆಸರಿಗೇ ಮಸಿ, ಅಂತ ದೊಡ್ಡದಾಗಿ ಬರೆದೆ. (ನಮ್ಮಲ್ಲೂ ಕುಂಭಕರ್ಣನ ಶೌರ್ಯ ಯಾರಿಗೆ ಬೇಕು? ಹತ್ತು ಗಂಟೆಗೆ ಏಳುವ ನನ್ನ ತಮ್ಮನಿಗೆ ಅಮ್ಮ ಕೊಟ್ಟ ಬಿರುದು ಅದು.)

ಬರೆದು ಮುಗಿಸುವಷ್ಟರಲ್ಲಿ 'ಟ್ರೋಜನ್ ಹಾಗೆ ದುಡಿಯುತ್ತಾನೆ' ಎಂಬ ನುಡಿಗಟ್ಟು ಎದುರಾಯಿತು. ಅಪ್ಪಟ ಹೊಗಳಿಕೆ. ಅತ್ತ, ಗೆದ್ದ ಪಕ್ಷದ ವೀರ ಅಕಿಲೀಸನಿಗೆ ಉಳಿದದ್ದು ಒಂದು ದುರ್ಬಲ ಹಿಮ್ಮಡಿ: ಯಾರದೇ ದೌರ್ಬಲ್ಯಕ್ಕೂ ಇಂಗ್ಲಿಷಿನಲ್ಲಿ 'ಅಕಿಲೀಸನ ಹಿಮ್ಮಡಿ' ಎಂದೇ ಹೆಸರು. 'ಸೋತವರ ಹೆಸರಿಗೇ' ಎಂಬುದರಲ್ಲಿ 'ಏ' ಹೊಡೆದು ಹಾಕಿದ್ದೇನೆ. 42ನೇ ಚೀಟಿ ಇನ್ನೂ ಖಾಲಿ.