ಬತ್ತಲೆ ಇದ್ದವರೆಲ್ಲ ಜೈನರಲ್ಲ: ಕಲ್ಲಿನಲ್ಲಿ ಪಂಥ ಗುರುತಿಸುವುದು

ಊರ ಬದಿಯ ಶಾಸನಕಲ್ಲೋ ನಿಸಿಧಿಯೋ (ವ್ರತ ಹಿಡಿದು ಸತ್ತ ಜೈನರ ನೆನಪಿನ ಕಲ್ಲು) ಕಂಡಾಗ ಮೊದಲು ತಲೆಭಾಗ ನೋಡಿ. ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು ಇವು ಪಂಥದ ಗುರುತಲ್ಲ. ಸೂರ್ಯಚಂದ್ರರಿರುವವರೆಗೆ ದಾನ ನಡೆಯಲಿ ಎಂಬ ಮಾತನ್ನು ಶೈವರೂ ಜೈನರೂ ಒಂದೇ ರೀತಿ ಕೆತ್ತಿಸಿದ್ದಾರೆ. ನಡುವೆ ಲಿಂಗ, ಪಕ್ಕದಲ್ಲಿ ಪೂಜಿಸುವ ಯತಿ, ನಂದಿ ಇದ್ದರೆ ಶೈವ. ಮುಕ್ಕೊಡೆಯ ಕೆಳಗೆ ಪದ್ಮಾಸನದ ಮೂರ್ತಿ, ಎರಡೂ ಬದಿ ಚಾಮರಧಾರಿಗಳಿದ್ದರೆ ಜೈನ.

ಹೆಚ್ಚು ಜನ ಎಡವುವುದು ಬತ್ತಲೆ ಮೂರ್ತಿಯ ಮುಂದೆ. ಕಾಳಾಮುಖ, ಪಾಶುಪತ ಎಂಬ ಹಳೆಯ ಶೈವ ಪಂಥದವರು ಪೂಜಿಸಿದ ಲಕುಲೀಶನೂ ಬತ್ತಲೆ, ಅವನೂ ಪದ್ಮಾಸನದಲ್ಲಿ ಕೂರುತ್ತಾನೆ. ಕೈ ನೋಡಿದರೆ ಗೊಂದಲ ತೀರುತ್ತದೆ: ಲಕುಲೀಶನ ಕೈಯಲ್ಲಿ ಲಕುಟ, ಅಂದರೆ ದೊಣ್ಣೆ ಇರುತ್ತದೆ, ಹಲವು ಕಡೆ ಮಾದಲಹಣ್ಣೂ ಇರುತ್ತದೆ. ಅವನು ಊರ್ಧ್ವರೇತಸ್ಕ, ಅಂದರೆ ಅವನ ಶಿಶ್ನ ನಿಮಿರಿರುತ್ತದೆ. ಜಿನನ ಕೈಗಳಲ್ಲಿ ಏನೂ ಇರುವುದಿಲ್ಲ. ದೊಣ್ಣೆ ಮುರಿದು ಹೋದ ಮೂರ್ತಿಯಲ್ಲಿ ಮುರಿತದ ಬುಡ ಭುಜಕ್ಕೋ ತೋಳಿಗೋ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಏಳು ಹೆಡೆಯ ಪಾರ್ಶ್ವನಾಥನನ್ನು ನಾಗರಕಲ್ಲು ಎಂದುಕೊಳ್ಳುವುದೂ ಇಂಥದೇ ತಪ್ಪು.

ಯತಿಗಳನ್ನು ಗುರುತಿಸಲೂ ಕೈಯೇ ದಾರಿ. ನವಿಲುಗರಿಯ ಪಿಂಛ, ಕಮಂಡಲು ದಿಗಂಬರ ಮುನಿಯವು. ಒಂದೇ ಕೋಲು ಹಿಡಿದವನು ಏಕದಂಡಿ, ಮೂರು ಕೋಲು ಸೇರಿಸಿ ಕಟ್ಟಿದ ದಂಡ ಹಿಡಿದವನು ತ್ರಿದಂಡಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯ ಮಠ ಕಾಳಾಮುಖರದು. ಅದನ್ನು ಬಣ್ಣಿಸುವ 1162ರ ಶಾಸನ, ಅಲ್ಲಿ ಅನ್ನ ಪಡೆಯುತ್ತಿದ್ದವರಲ್ಲಿ ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಎಂಬ ಸನ್ಯಾಸಿಗಳನ್ನೂ ಕ್ಷಪಣಕರನ್ನೂ, ಅಂದರೆ ಬತ್ತಲೆ ಜೈನ ಮುನಿಗಳನ್ನೂ, ಎಣಿಸುತ್ತದೆ. ಒಂದೇ ಅಂಗಳದಲ್ಲಿ ಇಷ್ಟು ಪಂಥದವರು ಉಂಡ ನಾಡಿದು. ಹಾಗಾಗಿ ಶೈವ ಗುಡಿಯಲ್ಲಿ ಸಿಕ್ಕಿದ ಯತಿಶಿಲ್ಪ ಶೈವನದೇ ಎಂದು ತೀರ್ಮಾನಿಸಬೇಡಿ.

ನಿಸಿಧಿ ಕಲ್ಲಿನಲ್ಲಿ ಸಲ್ಲೇಖನ (ಉಪವಾಸದಿಂದ ದೇಹ ಬಿಡುವ ವ್ರತ) ಕೈಗೊಂಡವರು ಕೈಮುಗಿದು ಗುರುವಿನೆದುರು ಕೂತಿರುತ್ತಾರೆ. ಇಬ್ಬರ ನಡುವೆ ಕಾಣುವ ಪುಟ್ಟ ಮುಕ್ಕಾಲಿಯಂಥದು ಠವಣೆಕೋಲು, ಅಂದರೆ ಗ್ರಂಥ ಇಡುವ ಪೀಠ. ಅದು ಸವೆದು ಹೋದರೆ ದಂಪತಿಯ ಕಲ್ಲು ಎಂದು ಮೋಸ ಹೋಗುವುದು ಸುಲಭ. ಹೆಂಗಸು ಕೂತ ಕಲ್ಲಿನಲ್ಲಂತೂ ಇದು ಇನ್ನೂ ಹೆಚ್ಚು. ಮೇಲಿನ ಪಟ್ಟಿಕೆಯಲ್ಲಿ ಜಿನನಿದ್ದಾನೆಯೇ ನೋಡಿ.

ವೀರಗಲ್ಲಿನ ಮೇಲೆ ಲಿಂಗ ಕಂಡ ಮಾತ್ರಕ್ಕೆ ಸತ್ತವನು ಕಟ್ಟಾ ಶೈವ ಎನ್ನುವಂತಿಲ್ಲ. ಅದು ಶಿವಲೋಕ ಸೇರಿದನೆಂಬುದನ್ನು ತೋರಿಸುವ ರೂಢಿ. ಜಿನನಿರುವ ವೀರಗಲ್ಲುಗಳೂ ಇವೆ.

ಸವೆದ ಕಲ್ಲನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ; ನೆತ್ತಿಯ ಮೇಲಿನ ಬಿಸಿಲಿಗೆ ಗೆರೆಯೆಲ್ಲ ಅಡಗುತ್ತದೆ. ನೆರಳಲ್ಲಿದ್ದರೆ ಬ್ಯಾಟರಿಯನ್ನು ಕಲ್ಲಿಗೆ ತಾಗುವಂತೆ ಪಕ್ಕದಿಂದ ಹಿಡಿಯಿರಿ. ಗೆರೆ ಎದ್ದು ಕಾಣಲೆಂದು ಎಣ್ಣೆ, ಸೀಮೆಸುಣ್ಣ ಹಚ್ಚಲೇಬೇಡಿ. ಎಣ್ಣೆಗೆ ಧೂಳು ಕೂತು ಕೆತ್ತನೆ ಮುಚ್ಚಿಹೋಗುತ್ತದೆ, ಆಮೇಲೆ ಉಜ್ಜುವವರ ಕೈಗೆ ಮೊದಲು ಬಲಿಯಾಗುವುದು ಆ ಪುಟ್ಟ ಠವಣೆಕೋಲು, ಪಿಂಛ, ದಂಡಗಳೇ.